ನಿಮ್ಮ ಹಿಚನ್ಸ್‌ಗೆ ಕಿಟಕಿ ಬೇಡ

ಪ್ರಿಯ ಬರಹಗಾರರೆ,

ನಿಮ್ಮ 'ಚುಕ್ಕಾಣಿ' ಕಥೆಯನ್ನು ಎರಡು ಸಲ ಓದಿದೆ. ಟೈಟಾನಿಕ್ ಅಂದಕೂಡಲೇ ಎಲ್ಲರೂ ದೊಡ್ಡ ಮೆಟ್ಟಿಲು, ವಾದ್ಯದವರು, ಶ್ರೀಮಂತರ ಊಟದ ಮನೆ ಅಂತ ಹೊರಡುತ್ತಾರೆ. ನೀವು ಹಡಗು ತಿರುಗಿಸುವ ಚಕ್ರ ಹಿಡಿದ ರಾಬರ್ಟ್ ಹಿಚನ್ಸ್ ಪಕ್ಕ ಹೋಗಿ ನಿಂತಿದ್ದೀರಿ. ಅದು ನನಗೆ ತುಂಬಾ ಹಿಡಿಸಿತು. ಆದರೆ ಕಥೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೂರನೇ ಪುಟದಲ್ಲಿ ನಿಮ್ಮ ಹಿಚನ್ಸ್ ಗಾಜಿನಾಚೆ ಬೆಳ್ಳಗೆ ಎದ್ದು ಬರುವ ಹಿಮಬಂಡೆ ನೋಡಿ ಬೆವರುತ್ತಾನೆ. ನಿಜವಾದ ಹಿಚನ್ಸ್ ಅದನ್ನು ನೋಡಲೇ ಇಲ್ಲ. ಅವನಿದ್ದದ್ದು ಮುಚ್ಚಿದ ಕೋಣೆಯಲ್ಲಿ. ಒಳಗಿನ ಬೆಳಕು ಹೊರಗೆ ಚೆಲ್ಲಿದರೆ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕಟ್ಟೆಯ ಮೇಲೆ, ನಿಂತ ಅಧಿಕಾರಿಗಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಅದಕ್ಕೇ ರಾತ್ರಿ ಕಿಟಕಿ ಮುಚ್ಚುತ್ತಿದ್ದರು. ಅವನ ಕಣ್ಣೆದುರು ಇದ್ದದ್ದು ದಿಕ್ಸೂಚಿ, ಅದರ ಪುಟ್ಟ ದೀಪ, ಅಷ್ಟೇ. 269 ಮೀಟರ್ ಉದ್ದದ ಹಡಗು, ಹೆಚ್ಚುಕಮ್ಮಿ 22 ನಾಟ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗ. ತಿರುಗಿಸಬೇಕಾದವನಿಗೆ ಎದುರಿಗೇನಿದೆ ಅಂತಲೇ ಗೊತ್ತಿಲ್ಲ! ಇಂಥ ವಸ್ತು ಕೈಯಲ್ಲಿಟ್ಟುಕೊಂಡು ನೀವು ಅವನಿಗೆ ಕಿಟಕಿ ತೆರೆದುಕೊಟ್ಟಿದ್ದೀರಿ.

ದಯವಿಟ್ಟು ಅದನ್ನು ಮುಚ್ಚಿ. ಹಿಮದ ಬಣ್ಣದ ಬಗ್ಗೆ ಬರೆದ ಹನ್ನೆರಡು ಸಾಲು ತೆಗೆಯಿರಿ. ಆಮೇಲೆ ಕಿವಿಯಿಂದ ಬರೆಯಿರಿ. ರಾತ್ರಿ 11.40. ಕಂಬದ ಮೇಲಿನ ಕಾವಲು ಗೂಡಿನಿಂದ ಮೂರು ಸಲ ಗಂಟೆ ಬಾರಿಸಿದ ಸದ್ದು. ಫೋನ್ ಸದ್ದು. ಎತ್ತಿದ್ದು ಕಿರಿಯ ಅಧಿಕಾರಿ ಜೇಮ್ಸ್ ಮೂಡಿ, 24 ವರ್ಷದ ಹುಡುಗ. 'ಏನು ಕಾಣ್ತಿದೆ?' ಅಂತ ಕೇಳಿದ. 'ನೇರ ಎದುರಿಗೆ ಹಿಮಬಂಡೆ' ಅಂದ ಗೂಡಿನ ಕಾವಲುಗಾರ ಫ್ರೆಡೆರಿಕ್ ಫ್ಲೀಟ್. ಮೂಡಿ 'ಥ್ಯಾಂಕ್ ಯು' ಅಂದ. ನಿಮ್ಮ ಕಥೆಯಲ್ಲಿ ಅವನು ಕಿರುಚುತ್ತಾನೆ. ಆ 'ಥ್ಯಾಂಕ್ ಯು' ಮುಂದೆ ಯಾವ ಕಿರುಚಾಟವೂ ನಿಲ್ಲುವುದಿಲ್ಲ. ಅವನಿಗೆ ಅದನ್ನು ವಾಪಸ್ ಕೊಡಿ. ಹುಡುಗ ಬದುಕಿ ಉಳಿಯಲಿಲ್ಲ.

ಇನ್ನು ಆಗ ಬ್ರಿಡ್ಜ್ ಮೇಲೆ ಹೊಣೆ ಹೊತ್ತಿದ್ದ ಅಧಿಕಾರಿ ಮರ್ಡಾಕ್ ಕೊಟ್ಟ ಆದೇಶ, 'ಹಾರ್ಡ್ ಎ ಸ್ಟಾರ್‌ಬೋರ್ಡ್'. ಸ್ಟಾರ್‌ಬೋರ್ಡ್ ಅಂದರೆ ಬಲ, ಹಾಗಾಗಿ ನೀವು ಹಡಗನ್ನು ಬಲಕ್ಕೆ ತಿರುಗಿಸಿದ್ದೀರಿ. ಬಹಳ ಜನ ಎಡವುವ ಜಾಗ ಇದು. ಆಗಿನ ಆದೇಶಗಳು ಚುಕ್ಕಾಣಿಗೆ ಹಿಡಿ ಇದ್ದ ಕಾಲದಿಂದ ಬಂದವು. ಹಿಡಿಯನ್ನು ಬಲಕ್ಕೆ ತಳ್ಳಿದರೆ ಹಡಗಿನ ಮೂತಿ ಎಡಕ್ಕೆ ಹೋಗುತ್ತದೆ. ಟೈಟಾನಿಕ್ ಕೂಡ ಎಡಕ್ಕೇ ತಿರುಗಿತು, ಎರಡು ಪಾಯಿಂಟ್, ಅಂದರೆ ಸುಮಾರು 22 ಡಿಗ್ರಿ. ಬಂಡೆ ಉಜ್ಜಿದ್ದು ಬಲಮಗ್ಗುಲಿಗೆ. ನಿಮ್ಮ ಕಥೆಯಲ್ಲಿ ಹಡಗು ಬಲಕ್ಕೆ ತಿರುಗಿ ಬಲಕ್ಕೇ ಪೆಟ್ಟು ತಿನ್ನುತ್ತದೆ. ಗಮನವಿಟ್ಟು ಓದುವವರು ಅಲ್ಲೇ ನಿಂತುಬಿಡುತ್ತಾರೆ, ಅಲ್ವಾ?

ಕ್ಯಾಪ್ಟನ್ ಸ್ಮಿತ್ ಬಂದದ್ದು ಬಡಿದ ಮೇಲೆ. ಅದಕ್ಕೂ ಮುಂಚಿನ ಅವರ ಭಾಷಣ ಪೂರ್ತಿ ಹೋಗಲಿ.

ಕೊನೆಯಲ್ಲಿ ಸಮುದ್ರದಡಿಯ ಮರದ ಚಕ್ರ, ಅದರ ಕಡ್ಡಿಗಳ ನಡುವೆ ಈಜುವ ಮೀನು. ಚೆನ್ನಾಗಿದೆ, ಆದರೆ ಆ ಚಕ್ರ ಅಲ್ಲಿಲ್ಲ. ಮರದ ಕೋಣೆಯೂ ಇಲ್ಲ. 1985ರಲ್ಲಿ ಹಡಗು ಸಿಕ್ಕಿದ್ದು ಸುಮಾರು 3,800 ಮೀಟರ್ ಆಳದಲ್ಲಿ. ಆ ಜಾಗದಲ್ಲಿ ಉಳಿದದ್ದು ಕಂಚಿನ ಟೆಲಿಮೋಟರ್ ಒಂದೇ. ಚಕ್ರ ತಿರುಗಿದಾಗ ಆ ತಿರುವನ್ನು ಕೊಳವೆಯೊಳಗಿನ ದ್ರವದ ಒತ್ತಡದಿಂದ ಹಿಂದಿನ ಚುಕ್ಕಾಣಿ ಎಂಜಿನ್‌ಗೆ ಮುಟ್ಟಿಸುತ್ತಿದ್ದ ಯಂತ್ರ ಅದು. ಸುತ್ತ ಗೋಡೆಯಿಲ್ಲದೆ ಒಂಟಿಯಾಗಿ ನಿಂತಿದೆ. ಕೆಳಗಿಳಿದು ಹೋದವರು ಅದರ ಬುಡದಲ್ಲಿ ಸ್ಮರಣ ಫಲಕ ಇಟ್ಟು ಬಂದಿದ್ದಾರೆ. ನಿಮ್ಮ ಮೀನಿಗಿಂತ ಇದು ನನ್ನನ್ನು ಜಾಸ್ತಿ ಕಲಕುತ್ತದೆ.

ತಿದ್ದಿ ಮತ್ತೆ ಕಳಿಸಿ. ರಾತ್ರಿ ಹತ್ತಕ್ಕೆ ಹಿಚನ್ಸ್ ಚಕ್ರ ಹಿಡಿಯುವಲ್ಲಿಂದ ಶುರು ಮಾಡಿ. ಬಡಿದ ಮೇಲೂ ಅವನು ಕೋಣೆ ಬಿಟ್ಟು ಓಡಲಿಲ್ಲ. ಇನ್ನೊಬ್ಬ ಬಂದು ಬಿಡಿಸಿದ್ದು 12.23ಕ್ಕೆ ಅಂತ ಅವನೇ ವಿಚಾರಣೆಯಲ್ಲಿ ಹೇಳಿದ್ದಾನೆ. ಮುಳುಗುತ್ತಿರುವ ಹಡಗಿನ ಚಕ್ರದ ಬಳಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, 43 ನಿಮಿಷ. ನೀವು ಅದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನಗೆ ಎರಡು ಪುಟ ಬೇಕು.

ಪ್ರೀತಿಯಿಂದ,
ಸಂಪಾದಕ