ಚಿಕ್ಕ ಸ್ಪೀಡ್‌ಬೋಟುಗಳು ಎಲ್ಲಿ ಹೋದವು? ವಾಸ್ಕೋ ಓದುಗರಿಗೆ ಸಂಪಾದಕರ ಉತ್ತರ

ಗೋವಾದ ವಾಸ್ಕೋದಿಂದ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮೂಲತಃ ಮಲ್ಪೆಯವರು, ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ರಿಪೇರಿಯಲ್ಲೇ ಬದುಕು ಸವೆಸಿದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಮುಂಬಯಿ ಬಂದರಿನ ಆಚೆ ದಡದ ಮಾಂಡ್ವಾ ಜೆಟ್ಟಿಯ ಕುರಿತ ನಮ್ಮ ಲೇಖನ ಓದಿ ಅವರಿಗೆ ಹಳೆಯದೆಲ್ಲ ನೆನಪಾಗಿದೆ. ಅವರ ಮಾತಿನ ಸಾರ ಇಷ್ಟು: “ಹದಿನೆಂಟು ಇಪ್ಪತ್ತು ಅಡಿಯ ಫೈಬರ್ ದೋಣಿ, ಹಿಂದೆ ದೊಡ್ಡ ಎಂಜಿನ್, ಇಬ್ಬರು ಮೂವರು ಕೂರುವಷ್ಟೇ ಜಾಗ. ಮೋಜಿಗೆಂದೇ ಕಟ್ಟಿದ ಅಂಥ ದೋಣಿ ಈಗ ಕಾಣಲು ಸಿಗುವುದಿಲ್ಲ. ಹೊರದೇಶಗಳಲ್ಲೂ ಅದರ ಕಾಲ ಮುಗಿಯಿತೆಂದು ಕೇಳುತ್ತೇನೆ. ಈಗಿನ ಹುಡುಗರಿಗೆ ಎದೆಗಾರಿಕೆ ಇಲ್ಲವೇ? ಮುಂಬಯಿ ಬಂದರಿನಲ್ಲಿ ವೇಗದ ದೋಣಿಗೆಂದೇ ಒಂದಿಷ್ಟು ನೀರು ಬಿಟ್ಟುಕೊಡಿ ಎಂದು ನಿಮ್ಮ ಪತ್ರಿಕೆ ಕೇಳಬಾರದೇ?”

ಮಾನ್ಯರೇ, ನಮಸ್ಕಾರ.

ಹುಡುಗರ ಎದೆಗಾರಿಕೆಯನ್ನು ದೂರಬೇಡಿ. ಆ ದೋಣಿಯನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದದ್ದು ಒಂದು ಹಗುರ ಎಂಜಿನ್. ಅದು ಹೋಯಿತು. ಅದನ್ನು ಅಂಗಳದಲ್ಲೇ ಬಿಚ್ಚಿ ಜೋಡಿಸುತ್ತಿದ್ದ ನಿಮ್ಮಂಥವರ ಕೈಗೆ ಕೆಲಸ ತಪ್ಪಿತು. ದೋಣಿ ಮೂಲೆ ಸೇರಿದ್ದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದು, ಉಳಿದವು ಇದರ ಹಿಂದೆ ಬಂದವು.

ಈ ದೋಣಿಯ ಹುಟ್ಟೂರು ಅಮೆರಿಕ. ಚಪ್ಪಟೆ ತಳದ ದೋಣಿ ಶಾಂತ ನೀರಿನಲ್ಲಿ ಚೆನ್ನಾಗಿ ಓಡುತ್ತದೆ, ತೆರೆ ಎದ್ದರೆ ಸವಾರನ ಸೊಂಟ ಮುರಿಯುತ್ತದೆ. ರೇಮಂಡ್ ಹಂಟ್ ಎಂಬ ವಿನ್ಯಾಸಕಾರ ತಳವನ್ನು ‘ವಿ’ ಆಕಾರದಲ್ಲಿ ಕಡಿದಾಗಿಸಿ, ಆ ಇಳಿಜಾರನ್ನು ಮೂತಿಯಿಂದ ಹಿಂಬದಿಯವರೆಗೂ ಉಳಿಸಿಕೊಂಡ. ಹಿಂಬದಿಯಲ್ಲೂ ಸುಮಾರು 24 ಡಿಗ್ರಿ ಇಳಿಜಾರು. ತೆರೆಯ ಮೇಲೆ ಬಡಿಯುವ ಬದಲು ದೋಣಿ ಅದನ್ನು ಸೀಳಿಕೊಂಡು ಹೋಯಿತು. 1960ರಲ್ಲಿ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವ್‌ಗೆ ನಡೆದ ಪಂದ್ಯದ ದಿನ ಕಡಲು ಕೆರಳಿತ್ತು. ಇದೇ ತಳದ ‘ಮೋಪಿ’ ಎಂಬ 31 ಅಡಿಯ ದೋಣಿ ಅಂದು ಗೆದ್ದಿತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಮಯಾಮಿಯ ಡಾನ್ ಅರೋನೋ 1964ರಲ್ಲಿ ಡಾಂಜಿ ಕಂಪನಿ ಕಟ್ಟಿ ಅದೇ ಬಗೆಯ ತಳವನ್ನು ಹದಿನಾರು ಹದಿನೆಂಟು ಅಡಿಯ ದೋಣಿಗಳಿಗೆ ಇಳಿಸಿದ. ಸಿಗರೆಟ್ ಎಂಬ ಹೆಸರಿನ ಉದ್ದ ಮೂತಿಯ ದೋಣಿಗಳೂ ಆತನವೇ.

1976ರಲ್ಲಿ ಮರ್ಕ್ಯುರಿ ಮತ್ತು ಎವಿನ್‌ರೂಡ್ ಎರಡೂ ಆರು ಸಿಲಿಂಡರಿನ ವಿ-6 ಟೂ-ಸ್ಟ್ರೋಕ್ (ಪೆಟ್ರೋಲಿನ ಜೊತೆ ಎಣ್ಣೆ ಉರಿಸುವ ಹಗುರ ಬಗೆಯ) ಔಟ್‌ಬೋರ್ಡುಗಳನ್ನು ಮಾರುಕಟ್ಟೆಗೆ ತಂದವು. 175ರಿಂದ 200 ಕುದುರೆಶಕ್ತಿ, ತೂಕ ಸುಮಾರು 180 ಕಿಲೋ. ಹಗುರ ದೋಣಿಯ ಬೆನ್ನಿಗೆ ಇದನ್ನು ಕಟ್ಟಿದರೆ ಗಂಟೆಗೆ ನೂರು ಕಿಲೋಮೀಟರ್ ದಾಟುವುದು ಕಷ್ಟವಿರಲಿಲ್ಲ. ಅಮೆರಿಕದ ಒಳನಾಡಿನ ಕೆರೆ ಹೊಳೆಗಳ ಪಕ್ಕದ ಸಣ್ಣ ಊರುಗಳಲ್ಲಿ ಇಂಥ ದೋಣಿ ಕಟ್ಟುವ ವರ್ಕ್‌ಶಾಪುಗಳು ಎದ್ದವು. ಕಾರ್ಖಾನೆಯ ಕೆಲಸಗಾರನೂ ಸಾಲ ಮಾಡಿ ಒಂದನ್ನು ಕೊಂಡು, ಕಾರಿನ ಹಿಂದೆ ಟ್ರೇಲರಿನಲ್ಲಿ ಎಳೆದುಕೊಂಡು ಹೋಗಿ, ಭಾನುವಾರ ಓಡಿಸಿ ಸಂಜೆಗೆ ಮನೆಗೆ ತರುತ್ತಿದ್ದ. ಶ್ರೀಮಂತರ ಯಾಟ್‌ಗಿಂತ ಈ ದೋಣಿಯ ಮೇಲೆ ನನಗೆ ಪ್ರೀತಿ ಹೆಚ್ಚಿರುವುದು ಇದಕ್ಕೇ.

ನಿಮಗೆ ಗೊತ್ತಿರುವುದನ್ನೇ ಉಳಿದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ದೋಣಿ ಓಡಿಸುವುದು ಒಂದು ವಿದ್ಯೆ. ವೇಗ ಏರಿದಂತೆ ದೋಣಿಯ ಮೈ ನೀರಿನಿಂದ ಮೇಲೇಳುತ್ತದೆ. ಕೊನೆಗೆ ನೀರಿಗೆ ತಾಗಿರುವುದು ಹಿಂಬದಿಯ ಅಂಗೈಯಗಲದ ಜಾಗ ಮತ್ತು ನೀರು ತಳ್ಳುವ ಫ್ಯಾನು (ಪ್ರೊಪೆಲ್ಲರ್), ಅಷ್ಟೇ. ಆ ಹೊತ್ತಿಗೆ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಲು ಶುರುಮಾಡುತ್ತದೆ. ಮೊದಲು ಸಣ್ಣಗೆ, ಕೈ ತಪ್ಪಿದರೆ ಮಗುಚುವಷ್ಟು ಜೋರಾಗಿ. ದೋಣಿ ವಾಲಿದ್ದು ಕಣ್ಣಿಗೆ ಕಂಡ ಮೇಲೆ ಸ್ಟಿಯರಿಂಗ್ ತಿರುಗಿಸಿದರೆ ತಡವಾಯಿತು. ಕೂತ ಸೀಟಿನಲ್ಲಿ ಅದು ಗೊತ್ತಾಗಬೇಕು, ಗೊತ್ತಾದ ಕ್ಷಣವೇ ಕೈ ಅರ್ಧ ಇಂಚು ಆಡಬೇಕು. ಎಂಜಿನ್ನನ್ನು ಎಷ್ಟು ಬಾಗಿಸಬೇಕು, ಎಷ್ಟು ಎತ್ತರದಲ್ಲಿ ಕಟ್ಟಬೇಕು, ಫ್ಯಾನಿನ ತಿರುಚು ಎಷ್ಟು ಇಂಚಿನದು ಎಂಬ ಲೆಕ್ಕ ದೋಣಿಯಿಂದ ದೋಣಿಗೆ ಬೇರೆ. ಅದು ಪುಸ್ತಕದಿಂದ ಬರುವುದಿಲ್ಲ. ಒಬ್ಬ ಹಿರಿಯ ಪಕ್ಕದಲ್ಲಿ ಕೂತು, ಹತ್ತಾರು ವಾರ ಹೇಳಿಕೊಡಬೇಕು. ಕಲಿಯುವವನಿಗೂ ಅಷ್ಟು ಪುರುಸೊತ್ತಿರಬೇಕು.

ಇಂಥ ದೋಣಿಯ ಬುಡಕ್ಕೆ ಪೆಟ್ಟು ಬಿದ್ದದ್ದು ಎಂಜಿನ್ನಿನ ಕಡೆಯಿಂದ. ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಕುಡಿದ ಪೆಟ್ರೋಲಿನ ಕಾಲು ಭಾಗದಷ್ಟನ್ನು ಉರಿಸದೆಯೇ ಹೊರಗೆ ಬಿಡುತ್ತಿತ್ತು, ಎಣ್ಣೆಯ ಜೊತೆಗೆ ನೇರ ನೀರಿಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ನಿಯಮ ತಂದಿತು: ಔಟ್‌ಬೋರ್ಡುಗಳಿಂದ ಹೊರಬೀಳುವ ಹೈಡ್ರೋಕಾರ್ಬನ್ (ಉರಿಯದ ಪೆಟ್ರೋಲಿನ ಅಂಶ) 1998ರಿಂದ ಹಂತಹಂತವಾಗಿ ಇಳಿದು 2006ರ ಹೊತ್ತಿಗೆ ಮುಕ್ಕಾಲು ಪಾಲು ಕಡಿಮೆಯಾಗಬೇಕು. ಕಂಪನಿಗಳು ಭಾರವಾದರೂ ಶುಚಿಯಾಗಿ ಉರಿಯುವ ಫೋರ್-ಸ್ಟ್ರೋಕಿಗೆ ಹೊರಳಿದವು. 2002ರ ಸುಮಾರಿಗೆ ಬಂದ ದೊಡ್ಡ ವಿ-6 ಫೋರ್-ಸ್ಟ್ರೋಕುಗಳ ತೂಕ 250 ಕಿಲೋ ದಾಟಿತ್ತು. 180 ಕಿಲೋಗೆಂದು ಲೆಕ್ಕ ಹಾಕಿ ಕಟ್ಟಿದ ಹದಿನೆಂಟು ಅಡಿಯ ದೋಣಿಯ ಹಿಂಬದಿಗೆ ಅದನ್ನು ತೂಗುಹಾಕಿದರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಿಲ್ಲ. ಹಿಂಬದಿ ಕುಸಿಯಿತು, ಮೂತಿ ಆಕಾಶ ನೋಡಿತು, ಸಮತೋಲ ಕೆಟ್ಟಿತು. ದೊಡ್ಡ ದೋಣಿಗೆ ಎಪ್ಪತ್ತು ಎಂಬತ್ತು ಕಿಲೋ ಲೆಕ್ಕಕ್ಕಿಲ್ಲ, ಚಿಕ್ಕದಕ್ಕೆ ಅದೇ ಪ್ರಾಣ. ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ ನೇರ ಇಂಜೆಕ್ಷನ್ನಿನ ಟೂ-ಸ್ಟ್ರೋಕುಗಳು ಕೆಲಕಾಲ ಜಾಗ ಹಿಡಿದು ನಿಂತವು. ಅವನ್ನು ಕಟ್ಟುತ್ತಿದ್ದ, ಶತಮಾನ ದಾಟಿದ ಎವಿನ್‌ರೂಡ್ ಔಟ್‌ಬೋರ್ಡಿನ ತಯಾರಿಕೆಯೂ 2020ರಲ್ಲಿ ನಿಂತಿತು. ಈಚೆಗೆ ಬಂದ ಫೋರ್-ಸ್ಟ್ರೋಕುಗಳು 215 ಕಿಲೋದ ಆಸುಪಾಸಿಗೆ ಇಳಿದಿವೆ ನಿಜ. ಅಷ್ಟರಲ್ಲಿ ಚಿಕ್ಕ ದೋಣಿ ಕಟ್ಟುವವರೇ ಕರಗಿಹೋಗಿದ್ದರು. ಜೊತೆಗೆ ಹೊಸ ಎಂಜಿನ್ನಿನ ರೋಗ ಹುಡುಕಲು ಲ್ಯಾಪ್‌ಟಾಪ್ ಬೇಕು, ಕಂಪನಿಯ ಸಾಫ್ಟ್‌ವೇರ್ ಬೇಕು. ಪ್ಲಗ್ಗಿನ ಬಣ್ಣ ನೋಡಿಯೇ ಒಳಗಿನ ಸ್ಥಿತಿ ಹೇಳುವವರಿಗೆ ಅಲ್ಲಿ ಕೆಲಸವಿಲ್ಲ.

ನೀವು ಪತ್ರದಲ್ಲಿ ಈ ನಿಯಮವನ್ನು ಶಪಿಸಿದ್ದೀರಿ. ನಾನು ಶಪಿಸಲಾರೆ. ಮೀನು ಹಿಡಿಯುವವರ ಊರಿನಿಂದ ಬಂದ ನಾವು, ಪೆಟ್ರೋಲು ತೇಲುವ ನೀರನ್ನು ಯಾವ ಮೋಜಿಗಾಗಿಯೂ ಸಮರ್ಥಿಸಬಾರದು.

ಇನ್ನು ಹುಡುಗರ ಮಾತು. ಅವರಿಗೆ ವೇಗ ಬೇಕು, ಅದು ಬೇರೆ ಕಡೆ ಸಿಗುತ್ತಿದೆ. 1970ರ ದಶಕದಲ್ಲಿ ಕವಾಸಾಕಿ ನಿಂತು ಓಡಿಸುವ ಜೆಟ್ ಸ್ಕೀ ತಂದಿತು. 80ರ ದಶಕದ ಕೊನೆಗೆ ಯಮಾಹಾ ಮತ್ತು ಸೀ-ಡೂ ಕೂತು ಓಡಿಸುವಂಥದ್ದನ್ನು ತಂದವು. ಈಗಿನ ಕೆಲವಕ್ಕೆ ಮುನ್ನೂರಕ್ಕೂ ಹೆಚ್ಚು ಕುದುರೆಶಕ್ತಿ ಉಂಟು, ಗಂಟೆಗೆ ಸುಮಾರು 105 ಕಿಲೋಮೀಟರ್ ಓಡುತ್ತವೆ. ಹೊರಗೆ ಫ್ಯಾನಿಲ್ಲ, ಬಿದ್ದರೆ ಮತ್ತೆ ಹತ್ತಬಹುದು, ಅರ್ಧ ಗಂಟೆಯಲ್ಲಿ ಕಲಿಯಬಹುದು. ಗೋವಾದ ಕಲಂಗೂಟ್ ಬಾಗಾಗಳಲ್ಲಿ ಗದಗ ಕೊಪ್ಪಳದ ಕಡೆಯಿಂದ ಪ್ರವಾಸಕ್ಕೆ ಬಂದ ಹುಡುಗ, ಕಡಲನ್ನೇ ಮೊದಲ ಸಲ ನೋಡಿದವನು, ಅಂದೇ ಅದರ ಮೇಲೆ ಕೂರುತ್ತಾನೆ. ಅವನ ಖುಷಿಯನ್ನು ಕಡಿಮೆ ಎಂದು ನಾನು ಎಣಿಸಲಾರೆ. ಅವನು ಕೂತಿದ್ದಾನೆ, ಓಡಿಸುವುದು ಹಿಂದೆ ಕೂತ ಆಪರೇಟರ್ ಎಂಬುದು ಮಾತ್ರ ನನ್ನ ಬೇಸರ.

ಕುಟುಂಬಗಳ ರುಚಿಯೂ ಹೊರಳಿತು. ಅಮೆರಿಕದ ಕೆರೆಗಳಲ್ಲಿ ಈಗ ಹತ್ತು ಹನ್ನೆರಡು ಜನ ಆರಾಮಾಗಿ ಕೂತು ಊಟ ಮಾಡುವ ಪಾಂಟೂನ್ ದೋಣಿಗಳ ಕಾಲ. ಮಕ್ಕಳಿಗೆ ಹಲಗೆ ಕಟ್ಟಿ ಎಳೆಯುವ ವೇಕ್ ದೋಣಿಗಳಂತೂ ನಿಮ್ಮ ದೋಣಿಗೆ ಪೂರ್ತಿ ವಿರುದ್ಧ: ದೊಡ್ಡ ಅಲೆ ಏಳಲೆಂದು ಟ್ಯಾಂಕುಗಳಿಗೆ ನೀರು ತುಂಬಿಸಿ ದೋಣಿಯನ್ನು ಭಾರ ಮಾಡುತ್ತಾರೆ, ಮೆಲ್ಲಗೆ ಓಡಿಸುತ್ತಾರೆ. ಅತ್ತ ದುಡ್ಡಿದ್ದವರ ವೇಗದ ಹಸಿವು ದೊಡ್ಡ ದೋಣಿಗಳಿಗೆ ಹೋಯಿತು. ಮರ್ಕ್ಯುರಿ 2021ರಲ್ಲಿ 600 ಕುದುರೆಶಕ್ತಿಯ ವಿ-12 ಔಟ್‌ಬೋರ್ಡ್ ತಂದಿತು, ಒಂದೊಂದೂ ಅರ್ಧ ಟನ್ನಿಗಿಂತ ಹೆಚ್ಚು ತೂಕ. ನಲವತ್ತು ಅಡಿಯ ದೋಣಿಯ ಹಿಂದೆ ಅಂಥವನ್ನು ಸಾಲಾಗಿ ಕಟ್ಟುತ್ತಾರೆ. ವೇಗ ಉಳಿಯಿತು, ಕಾರ್ಖಾನೆಯ ಕೆಲಸಗಾರ ಅದರಿಂದ ಹೊರಗುಳಿದ. 2008ರ ಆರ್ಥಿಕ ಕುಸಿತ ಅವನನ್ನೇ ಮೊದಲು ಹೊರಗೆ ತಳ್ಳಿತು.

ನಮ್ಮ ಕಡೆ ಇಂಥ ದೋಣಿ ಸಾಮಾನ್ಯ ಜನರ ಕೈಗೆ ಬಂದದ್ದೇ ಇಲ್ಲ. ಮೋಜಿನ ದೋಣಿಗಳ ಮೇಲೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇ. 40. ತೆರಿಗೆ ಕಟ್ಟಿ ಕೊಂಡರೂ ಇಡುವುದೆಲ್ಲಿ? ಮುಂಬಯಿಗೆ ಮರೀನಾ (ಮೋಜಿನ ದೋಣಿ ನಿಲ್ಲಿಸುವ ತಾಣ) ಬೇಕೆಂಬ ಮಾತು ದಶಕಗಳ ಕಾಲ ಪ್ರಸ್ತಾವಗಳಲ್ಲೇ ಓಡಾಡಿತು. ಗೇಟ್‌ವೇ ಎದುರು ದೋಣಿಗಳು ಬಯಲು ನೀರಿನಲ್ಲಿ ಲಂಗರು ಕಟ್ಟಿಕೊಂಡು ತೂಗಾಡುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇಲ್ಲಿನ ಭರತ ಇಳಿತದ ಅಂತರ ನಾಲ್ಕರಿಂದ ಐದು ಮೀಟರ್. ಇಳಿತದ ಹೊತ್ತಿಗೆ ಎಷ್ಟೋ ಕಡೆ ಬರೀ ಕೆಸರು. ಟ್ರೇಲರಿನಿಂದ ದೋಣಿ ಇಳಿಸುವ ಅಮೆರಿಕದ ಪದ್ಧತಿ ಇಲ್ಲಿ ನಡೆಯುವುದು ಬಲು ಕಷ್ಟ. ತೇಲುವ ಪ್ಲಾಸ್ಟಿಕ್ ಚೀಲ ಎಂಜಿನ್ನಿನ ನೀರಿನ ದಾರಿ ಕಟ್ಟಿತೆಂದರೆ ಪಂಪು ಸುಡುತ್ತದೆ. ಜೂನಿನಿಂದ ಆಗಸ್ಟ್ ಮುಗಿಯುವವರೆಗೆ ಮಳೆಗಾಲ, ಗೇಟ್‌ವೇ–ಮಾಂಡ್ವಾ ಲಾಂಚುಗಳೇ ನಿಲ್ಲುತ್ತವೆ. 2020ರಲ್ಲಿ ಮುಂಬಯಿಯ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ-ರೋ ಹಡಗು ಶುರುವಾಯಿತು, ಕಾರಿನ ಸಮೇತ ಹೋಗಬಹುದು. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದು ಅಲಿಬಾಗಿಗೆ ರಸ್ತೆಯೂ ಹತ್ತಿರವಾಯಿತು. ಬಾಡಿಗೆಯ ಸ್ಪೀಡ್‌ಬೋಟು ಇಂದಿಗೂ ಇಪ್ಪತ್ತು ನಿಮಿಷದಲ್ಲಿ ದಾಟಿಸುತ್ತದೆ. ಅದರಲ್ಲಿ ಕೂತವರಿಗೆ ಬೇಕಾದ್ದು ಬೇಗ ತಲುಪುವುದು, ಆ ಸವಾರಿ ನಿಮ್ಮ ವಿದ್ಯೆಯಲ್ಲ.

ಬಂದರಿನಲ್ಲಿ ವೇಗಕ್ಕೆಂದು ನೀರು ಬಿಡಿಸಿಕೊಡಿ ಎಂಬ ನಿಮ್ಮ ಕೋರಿಕೆಯನ್ನು ನಮ್ಮ ಪತ್ರಿಕೆ ಬೆಂಬಲಿಸುವುದಿಲ್ಲ. 2024ರ ಡಿಸೆಂಬರ್ 18ರಂದು, ಹೊಸ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಹಿಡಿತ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್‌ಕಮಲ್’ ಲಾಂಚಿಗೆ ಬಡಿಯಿತು. ಹದಿಮೂರಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೊಡನೆ ರಜೆಯ ತಿರುಗಾಟಕ್ಕೆ ಬಂದವರು ಅವರಲ್ಲಿದ್ದರು. ಅದು ಮೋಜಿನ ದೋಣಿಯಲ್ಲ, ಅದರ ಹೊಣೆ ನಿಮ್ಮ ಹವ್ಯಾಸದ ಮೇಲೆ ಬರುವುದೂ ಇಲ್ಲ. ಆದರೆ ಲಾಂಚು, ಬಾರ್ಜು, ಮೀನುದೋಣಿ, ಹಡಗು ಎಲ್ಲ ಒಟ್ಟಿಗೆ ಓಡಾಡುವ ನೀರಿನಲ್ಲಿ ನೂರು ಕಿಲೋಮೀಟರ್ ವೇಗಕ್ಕೆ ಜಾಗವಿಲ್ಲ. ಬೇಕಿದ್ದರೆ ಅದನ್ನು ಸುತ್ತ ಕಾವಲಿಟ್ಟು, ಗೊತ್ತಾದ ದಿನ, ಗೊತ್ತಾದ ಗಡಿಯೊಳಗೆ ನಡೆಸಬೇಕು. 2017ರ ಮಾರ್ಚಿನಲ್ಲಿ ಮರೀನ್ ಡ್ರೈವ್ ಎದುರು ಪಿ-1 ಪವರ್‌ಬೋಟ್ ಪಂದ್ಯ ನಡೆದದ್ದು ಹಾಗೆಯೇ. ಅಂಥದ್ದು ಮತ್ತೆ ಮತ್ತೆ ನಡೆಯಲಿ ಎಂದು ಬರೆಯಲು ನಾನು ಸಿದ್ಧ.

ನಿಮ್ಮ ಪತ್ರದ ಕೊನೆಯಲ್ಲಿ ಮೊಮ್ಮಗ ದೋಣಿ ಓಡಿಸಲು ಕಲಿಯಬೇಕೆನ್ನುತ್ತಾನೆ, ಮನೆಯವರು ಬೇಡವೆನ್ನುತ್ತಾರೆ ಎಂದಿದ್ದೀರಿ. ಕಳಿಸಿ. ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇರುವುದು ನಿಮ್ಮ ಗೋವಾದಲ್ಲೇ. ಪವರ್‌ಬೋಟ್ ಓಡಿಸುವುದನ್ನೂ ಜೀವರಕ್ಷಣೆಯನ್ನೂ ಅಲ್ಲಿ ಕ್ರಮವಾಗಿ ಕಲಿಸುತ್ತಾರೆ. ಸವಾರ ನೀರಿಗೆ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಹಗ್ಗವನ್ನು ತೊಡೆಗೋ ಲೈಫ್‌ಜಾಕೆಟ್ಟಿಗೋ ಕಟ್ಟಿಕೊಳ್ಳದೆ ಅವನನ್ನು ಎಂದೂ ಹೊರಡಗೊಡಬೇಡಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಿಗೆ ಅದು 2021ರ ಏಪ್ರಿಲಿನಿಂದ ಕಡ್ಡಾಯ. ಅಲ್ಲಿ ಕಲಿತು ಬಂದ ಮೇಲೆ ಸೀಟಿನಲ್ಲಿ ಗೊತ್ತಾಗಬೇಕಾದದ್ದನ್ನು ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ.

ನಮಗೂ ಒಂದು ಉಪಕಾರ ಮಾಡಿ. ಎಂಜಿನ್ನಿನ ಎತ್ತರ, ಬಾಗು, ಫ್ಯಾನಿನ ಆಯ್ಕೆ, ವಾಲುವ ದೋಣಿಯನ್ನು ಹಿಡಿಯುವ ಬಗೆ, ಇವನ್ನೆಲ್ಲ ನೀವು ಮಾತನಾಡುವ ಕನ್ನಡದಲ್ಲೇ ಬರೆದು ಕಳಿಸಿ. ಮಲ್ಪೆಯ ಮಾತು ಇದ್ದ ಹಾಗೇ ಇರಲಿ, ತಿದ್ದುವುದಿಲ್ಲ. ಕೈಬರಹವಾದರೂ ಸರಿ, ಟೈಪಿಂಗ್ ನಾವು ನೋಡಿಕೊಳ್ಳುತ್ತೇವೆ. ಎಷ್ಟು ಕಂತಾದರೂ ಪುಟ ಕೊಡುತ್ತೇನೆ. ಎಂಜಿನ್ ಕಟ್ಟುವ ಹಲಗೆಯ ಚಿತ್ರವನ್ನು ಅಳತೆಯೊಂದಿಗೆ ಕಳಿಸಿದರೆ ಮೊದಲ ಕಂತಿಗೇ ಹಾಕೋಣ.

— ಸಂಪಾದಕ