ಶಿಬಿರದಲ್ಲಿ ಪಾಸಿಟಿವ್ ಬಂದವರು ಮುಂದಿನ ಪರೀಕ್ಷೆಗೆ ಹೋಗದಿದ್ದರೆ

ಪಾಸಿಟಿವ್ ಬಂದವರು ಆಸ್ಪತ್ರೆಗೆ ಹೋಗದಿರಲು ಭಯಕ್ಕಿಂತ ಜಾಸ್ತಿ, ಚೀಟಿ ಕೊಟ್ಟು ಕೈಬಿಟ್ಟಿದ್ದೇ ಕಾರಣ ಅನ್ನಿಸುತ್ತದೆ. ನಿಮ್ಮ ಸಮಾಜಕಾರ್ಯ ವಿಭಾಗ, ಮೆಡಿಕಲ್ ಕಾಲೇಜು ಸೇರಿ ತಾಂಡಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿದ್ದೀರಿ, ಪಾಸಿಟಿವ್ ಬಂದವರು ಆಸ್ಪತ್ರೆಗೆ ಹೋಗಿಲ್ಲ ಎಂದಿದ್ದೀರಿ. ನಾವು ಮಾಡಿದ ಶಿಬಿರದಲ್ಲೂ ಇದೇ ಆಗಿತ್ತು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಕಾಲ್ಪೊಸ್ಕೋಪಿ, ಒಪಿಡಿ' (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವ ಪರೀಕ್ಷೆ, ಹೊರರೋಗಿ ವಿಭಾಗ) ಎಂದಷ್ಟೇ ಇತ್ತು. ಯಾವ ದಿನ, ಯಾವ ರೂಮು, ಯಾರನ್ನು ಕೇಳಬೇಕು, ಒಂದೂ ಇಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ ಹತ್ತಿ, ಸಾಲಿನಲ್ಲಿ ನಿಂತು ಸುಮ್ನೆ ವಾಪಸ್ ಬರೋಕೆ ಯಾರು ಹೋಗುತ್ತಾರೆ ಹೇಳಿ?

ಮೊದಲು ಆಶಾ ಕಾರ್ಯಕರ್ತೆಯ ಜೊತೆ ಒಬ್ಬೊಬ್ಬರ ಮನೆಗೂ ಹೋಗಿ. ಗಂಡ, ಅತ್ತೆಯ ಮುಂದೆ ಬೇಡ, ಪಕ್ಕಕ್ಕೆ ಕರೆದು ಮಾತಾಡಿ. ವಿಐಎ (ಗರ್ಭಕಂಠವನ್ನು ಕಣ್ಣಲ್ಲೇ ನೋಡಿ ಮಾಡುವ ಪರೀಕ್ಷೆ) ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ, ಅಸಿಟಿಕ್ ಆಸಿಡ್ ಹಚ್ಚಿದಾಗ ಬಿಳಿ ಮಚ್ಚೆ ಕಂಡಿದೆ, ಅದನ್ನು ಸರಿಯಾಗಿ ನೋಡಬೇಕು, ಬೇಕಾದರೆ ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು ಅಂತ ಬಿಡಿಸಿ ಹೇಳಿ. ಆಮೇಲೆ ಮೆಡಿಕಲ್ ಕಾಲೇಜಿನವರಿಂದ ಒಂದು ದಿನ ಗೊತ್ತುಮಾಡಿಸಿಕೊಂಡು ಎಲ್ಲರನ್ನೂ ಒಂದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ. ವಿದ್ಯಾರ್ಥಿನಿಯೊಬ್ಬರು ಕೊನೆವರೆಗೂ ಜೊತೆಗಿರಲಿ. ಆಧಾರ್, ಬಿಪಿಎಲ್ ಕಾರ್ಡ್ ತರಲು ಹೇಳಿ. ದಾಖಲಾಗಿ ಚಿಕಿತ್ಸೆ ಪಡೆಯಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

ಕಾಲೇಜಿನವರು ಖರ್ಚಿನ ಮಾತು ಎತ್ತಿದರೆ, ಅದು ವ್ಯರ್ಥವಲ್ಲ ಎನ್ನಲು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ ತೋರಿಸಿ. ಸ್ಲಮ್‌ಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಈ ವಿಐಎ ಪರೀಕ್ಷೆ ಮಾಡಿ, ಗರ್ಭಕಂಠದ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು.

ಪಾಸಿಟಿವ್ ಬಂದವರು ಗುಳೆ ಹೋಗಿದ್ದರೆ ಮಾತ್ರ ಕಾರಣ ಬೇರೆ ಇರಬಹುದು. ಆಗ ಫೋನ್ ಮಾಡಿ ಎಲ್ಲಿದ್ದಾರೆ ಕೇಳಿ, ಅಲ್ಲಿನ ಜಿಲ್ಲಾಸ್ಪತ್ರೆಗೇ ಚೀಟಿ ಬರೆಸಿ.