ನುಡಿಯಲ್ಲಿ ಟೈಪ್ ಮಾಡುತ್ತಲೇ ವಿಎಲ್‌ಸಿ ನಿಲ್ಲಿಸುವುದು, ಹಿಂದಕ್ಕೆ ತರುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾದದ್ದು ಇಷ್ಟು. ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುತ್ತೀರಿ. ಸೋಬಾನೆ ಪದಗಳು, ಮಳವಳ್ಳಿ ಕಡೆಯ ನೀಲಗಾರರು ಹಾಡಿದ ಮಂಟೇಸ್ವಾಮಿ ಕಥೆ, ಇವುಗಳ ರೆಕಾರ್ಡಿಂಗನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಕೇಳಿಕೊಂಡು ವರ್ಡ್‌ನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಬರೆದುಕೊಡಬೇಕು. ಸಾಲು ಸಾಲಿಗೂ ಮೌಸ್ ಹಿಡಿದು ಪ್ಲೇಯರ್‌ಗೆ ಹೋಗಿ ಬರಬೇಕಾಗಿದೆ. ಸ್ಪೇಸ್ ಒತ್ತಿದರೆ ವರ್ಡ್‌ನಲ್ಲಿ ಜಾಗ ಬೀಳುತ್ತದೆಯೇ ಹೊರತು ಹಾಡು ನಿಲ್ಲುವುದಿಲ್ಲ. ಪ್ಲೇಯರ್‌ಗೇ ಹೋಗಿ ಎನ್, ಪಿ ಒತ್ತಿದರೂ ಏನೂ ಆಗುವುದಿಲ್ಲ. ಕಂಪ್ಯೂಟರ್ ವಿಂಡೋಸ್ 10.

ಮೊದಲು ಎನ್, ಪಿ ವಿಷಯ. ನುಡಿ ಕನ್ನಡದಲ್ಲಿರುವಾಗ ಎನ್ ಒತ್ತಿದರೆ ಹೋಗುವುದು ‘ನ’, ಪಿ ಒತ್ತಿದರೆ ‘ಪ’. ಮುಂದಿನ ಹಾಡಿಗೆ ಎನ್, ಹಿಂದಿನದಕ್ಕೆ ಪಿ ಎಂದು ಕಾಯುತ್ತಿರುವ ವಿಎಲ್‌ಸಿಗೆ ಆ ಅಕ್ಷರ ತಲುಪುವುದೇ ಇಲ್ಲ. ಸ್ಕ್ರಾಲ್ ಲಾಕ್ ಒತ್ತಿ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಕೆಲಸ ಮಾಡುತ್ತದೆ, ಆದರೆ ಸಾಲಿಗೆ ಎರಡು ಸಲ ಸ್ಕ್ರಾಲ್ ಲಾಕ್ ಒತ್ತುವುದು ಮೌಸ್ ಹಿಡಿಯುವುದಕ್ಕಿಂತ ಕಷ್ಟ. ನಿಮಗೆ ಬೇಕಾಗಿರುವುದು ಎರಡು ಗುಣ ಇರುವ ಕೀ: ವರ್ಡ್ ಮುಂದೆ ಇದ್ದರೂ ವಿಎಲ್‌ಸಿಗೆ ತಲುಪಬೇಕು, ನುಡಿ ಕನ್ನಡದಲ್ಲಿದ್ದರೂ ಬದಲಾಗಬಾರದು. ಮೊದಲನೆಯದಕ್ಕೆ ವಿಎಲ್‌ಸಿಯಲ್ಲಿ ‘ಗ್ಲೋಬಲ್’ ಎನ್ನುವ ಕಾಲಂ ಇದೆ. ಎರಡನೆಯದಕ್ಕೆ ಮೇಲಿನ ಸಾಲಿನ ಎಫ್ ಕೀಗಳು ಇವೆ, ಅವುಗಳ ಮೇಲೆ ಯಾವ ಅಕ್ಷರವೂ ಕೂತಿಲ್ಲ.

ವಿಎಲ್‌ಸಿ ತೆರೆದು ಕಂಟ್ರೋಲ್ + ಪಿ ಒತ್ತಿ (ನುಡಿ ಇಂಗ್ಲಿಷಿನಲ್ಲಿರಲಿ), ಇಲ್ಲವೇ ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ. ಹಾಟ್‌ಕೀಸ್ ಟ್ಯಾಬ್ ತೆರೆಯಿರಿ. ಪಟ್ಟಿಯಲ್ಲಿ ಕೆಲಸದ ಹೆಸರು, ಅದರ ಪಕ್ಕ ‘ಹಾಟ್‌ಕೀ’, ಅದರಾಚೆ ‘ಗ್ಲೋಬಲ್’ ಕಾಣುತ್ತದೆ. ಹಾಟ್‌ಕೀ ಕಾಲಮ್ಮನ್ನು ಮುಟ್ಟಬೇಡಿ, ಅದು ವಿಎಲ್‌ಸಿ ಮುಂದೆ ಇದ್ದಾಗ ಮಾತ್ರ ನಡೆಯುವಂಥದ್ದು. ಹೆಚ್ಚಿನವರು ಎಡವುವುದು ಇಲ್ಲೇ: ಹಾಟ್‌ಕೀ ಕಾಲಮ್ಮಿನಲ್ಲಿ ಬದಲಾಯಿಸಿ, ವರ್ಡ್‌ಗೆ ಬಂದು, ಆಗುತ್ತಿಲ್ಲ ಎನ್ನುತ್ತಾರೆ. ಗ್ಲೋಬಲ್ ಕೆಳಗಿನ ಖಾಲಿ ಜಾಗದ ಮೇಲೆ ಡಬಲ್ ಕ್ಲಿಕ್ ಮಾಡಿ, ಬೇಕಾದ ಕೀ ಒತ್ತಿ, ಒಪ್ಪಿಗೆ ಕೊಡಿ. ತಪ್ಪಿ ಬೇರೆ ಕೀ ಕೂತರೆ ಆ ಸಾಲನ್ನು ಆರಿಸಿ ಡಿಲೀಟ್ ಒತ್ತಿ.

ನಾನು ಹೇಳುವ ಜೋಡಣೆ ಇದು. ‘ಪ್ಲೇ/ಪಾಸ್’ಗೆ ಎಫ್8. ‘ವೆರಿ ಶಾರ್ಟ್ ಬ್ಯಾಕ್‌ವರ್ಡ್ಸ್ ಜಂಪ್’, ಅಂದರೆ 3 ಸೆಕೆಂಡ್ ಹಿಂದಕ್ಕೆ, ಎಫ್7. ‘ಶಾರ್ಟ್ ಬ್ಯಾಕ್‌ವರ್ಡ್ಸ್ ಜಂಪ್’ 10 ಸೆಕೆಂಡಿನದು, ಅದಕ್ಕೆ ಶಿಫ್ಟ್ + ಎಫ್7. ‘ಸ್ಲೋಯರ್ (ಫೈನ್)’ಗೆ ಎಫ್9, ‘ನಾರ್ಮಲ್ ರೇಟ್’ಗೆ ಶಿಫ್ಟ್ + ಎಫ್9. ಸೇವ್ ಕೊಟ್ಟು ವಿಎಲ್‌ಸಿಯನ್ನು ಒಂದು ಸಲ ಪೂರ್ತಿ ಮುಚ್ಚಿ ತೆರೆಯಿರಿ. ಮುಚ್ಚದೆ ಪರೀಕ್ಷೆ ಮಾಡಿದರೆ ಹಳೆಯ ಕೀಗಳೇ ನಡೆಯುತ್ತಿರಬಹುದು. ಇನ್ನು ಮೇಲೆ ವಿಎಲ್‌ಸಿಯನ್ನು ಮಿನಿಮೈಸ್ ಮಾಡಿಟ್ಟರೂ ಕೀಗಳು ನಡೆಯುತ್ತವೆ.

ಇವೇ ಕೀಗಳು ಯಾಕೆ? ಗ್ಲೋಬಲ್‌ಗೆ ಕೊಟ್ಟ ಕೀಯನ್ನು ವಿಂಡೋಸ್ ಬೇರೆ ಯಾವ ಪ್ರೋಗ್ರಾಮಿಗೂ ಕೊಡುವುದಿಲ್ಲ. ಆದ್ದರಿಂದ ವರ್ಡ್‌ನಲ್ಲಿ ನಿಮಗೆ ಬೇಡವಾದದ್ದನ್ನೇ ಬಿಟ್ಟುಕೊಡಬೇಕು. ಎಫ್7 ವರ್ಡ್‌ನ ಸ್ಪೆಲ್ಲಿಂಗ್ ತಪಾಸಣೆ. ನುಡಿಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಟ್ಟ ಫಾಂಟು) ಬರೆದ ಪುಟಕ್ಕೆ ಅದರಿಂದ ಉಪಯೋಗವಿಲ್ಲ, ಕನ್ನಡದ ಪ್ರತಿ ಪದವೂ ಅದಕ್ಕೆ ತಪ್ಪು ಇಂಗ್ಲಿಷ್, ಪುಟವೆಲ್ಲ ಕೆಂಪು ಗೆರೆ. ಎಫ್8 ಆಯ್ಕೆ ಹಿಗ್ಗಿಸುವ ಕೀ, ಎಫ್9 ಫೀಲ್ಡ್ ಅಪ್‌ಡೇಟ್. ಪದ ಬರೆದುಕೊಳ್ಳುವಾಗ ಎರಡೂ ಬೇಕಾಗುವುದಿಲ್ಲ. ಎಫ್4ಅನ್ನು ಬಿಟ್ಟುಕೊಡಬೇಡಿ, ಹಿಂದಿನ ಕೆಲಸವನ್ನು ಮತ್ತೆ ಮಾಡಿಸಲು ಅದು ಬಹಳ ಒಳ್ಳೆಯದು. ಎಫ್10 ಮೆನುವನ್ನು ಎಬ್ಬಿಸುತ್ತದೆ. ಎಫ್12 ಬೇಡವೇ ಬೇಡ, ಅದನ್ನು ಪ್ರೋಗ್ರಾಮ್‌ಗಳ ತಪ್ಪು ಹುಡುಕುವ ಡಿಬಗರ್‌ಗೆ ಮೀಸಲಿಟ್ಟಿದೆ, ಯಾರೂ ಹಾಟ್‌ಕೀ ಮಾಡಿಕೊಳ್ಳಬೇಡಿ ಎಂದು ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ಸ್ಕ್ರಾಲ್ ಲಾಕ್ ನುಡಿಯದು.

ಕಂಟ್ರೋಲ್ + ಆಲ್ಟ್ ಜೊತೆ ಬಾಣದ ಗುರುತು ಇಟ್ಟುಕೊಳ್ಳಿ ಎಂದು ಎಷ್ಟೋ ಜನ ಹೇಳುತ್ತಾರೆ. ಇಂಟೆಲ್ ಗ್ರಾಫಿಕ್ಸ್ ಇರುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅದೇ ಕೀಗಳು ಪರದೆಯನ್ನೇ ತಿರುಗಿಸುತ್ತವೆ. ಕೆಳಬಾಣ ಒತ್ತಿದರೆ ವರ್ಡ್ ತಲೆಕೆಳಗಾಗಿ ನಿಲ್ಲುತ್ತದೆ. (ಹಾಗೇನಾದರೂ ಆದರೆ ಕಂಟ್ರೋಲ್ + ಆಲ್ಟ್ + ಮೇಲ್ಬಾಣ.) ಕಂಟ್ರೋಲ್ + ಶಿಫ್ಟ್ + ಬಾಣ ವರ್ಡ್‌ನಲ್ಲಿ ಪದ ಆರಿಸುವುದಕ್ಕೆ ಬೇಕು. ಆಲ್ಟ್ + ಶಿಫ್ಟ್ ಒತ್ತಿದರೆ ವಿಂಡೋಸ್‌ನ ಕೀಬೋರ್ಡ್ ಭಾಷೆಯೇ ಬದಲಾಗಬಹುದು, ಆಮೇಲೆ ನುಡಿ ಕೆಟ್ಟಿದೆ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಲ್ಯಾಪ್‌ಟಾಪ್ ಆಗಿದ್ದರೆ ಎಫ್7, ಎಫ್8 ಒತ್ತಿದಾಗ ಬೆಳಕೋ ಸದ್ದೋ ಬದಲಾಗಬಹುದು. ಬಹಳಷ್ಟು ಮಾಡೆಲ್‌ಗಳಲ್ಲಿ ಎಫ್ಎನ್ + ಎಸ್ಕೇಪ್ ಒಂದು ಸಲ ಒತ್ತಿದರೆ ಎಫ್ ಕೀಗಳು ಎಫ್ ಕೀಗಳಾಗಿಯೇ ಉಳಿಯುತ್ತವೆ. ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ (ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ ‘ಆಕ್ಷನ್ ಕೀಸ್ ಮೋಡ್’ ಆಫ್ ಮಾಡಬೇಕು.

ಕೀಬೋರ್ಡಿನಲ್ಲೇ ಪ್ಲೇ ಗುಂಡಿ ಇದೆಯಲ್ಲ ಎಂದು ಅದನ್ನು ನಂಬಬೇಡಿ. ಕ್ರೋಮ್‌ನಲ್ಲಿ ಯೂಟ್ಯೂಬ್ ಟ್ಯಾಬ್ ತೆರೆದಿದ್ದರೆ ಆ ಗುಂಡಿಯನ್ನು ಕ್ರೋಮ್ ಹಿಡಿದುಕೊಳ್ಳುತ್ತದೆ, ನೀಲಗಾರರ ಬದಲು ಅಲ್ಲಿಯ ವಿಡಿಯೊ ಓಡುತ್ತದೆ. 3 ಸೆಕೆಂಡ್ ಹಿಂದಕ್ಕೆ ಹೋಗಲು ಆ ಗುಂಡಿಗಳಲ್ಲಿ ದಾರಿಯೂ ಇಲ್ಲ.

ಎಲ್ಲ ಸರಿಯಾಗಿ ಇಟ್ಟರೂ ಎಫ್8 ಕೇಳುತ್ತಿಲ್ಲ ಎಂದಾದರೆ ಕಾರಣ ಸಾಮಾನ್ಯವಾಗಿ ಎರಡು. ಬೇರೆ ಪ್ರೋಗ್ರಾಮ್ ಅದೇ ಕೀಯನ್ನು ಮೊದಲೇ ಹಿಡಿದಿರುತ್ತದೆ, ಆಗ ವಿಎಲ್‌ಸಿ ಏನೂ ಹೇಳದೆ ಸುಮ್ಮನಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವ ಪ್ರೋಗ್ರಾಮ್‌ಗಳ ಮೇಲೆ ಮೊದಲು ಅನುಮಾನ ಪಡಿ. ಇಲ್ಲವೇ ವಿಎಲ್‌ಸಿಯ ಎರಡು ಕಿಟಕಿ ತೆರೆದಿರುತ್ತವೆ. ಮೊದಲು ತೆರೆದದ್ದಕ್ಕೆ ಮಾತ್ರ ಕೀ ಸಿಗುತ್ತದೆ. ಪ್ರಿಫರೆನ್ಸಸ್‌ನ ಇಂಟರ್‌ಫೇಸ್ ಪುಟದಲ್ಲಿ ‘ಅಲೋ ಓನ್ಲಿ ಒನ್ ಇನ್‌ಸ್ಟನ್ಸ್’ ಟಿಕ್ ಮಾಡಿದರೆ ಎರಡನೆಯ ಕಿಟಕಿ ತೆರೆಯುವುದೇ ಇಲ್ಲ.

ಈಗ ಸೆಕೆಂಡಿನ ಲೆಕ್ಕ. ಮಾತಿಗೆ 3 ಸೆಕೆಂಡ್ ಸಾಕು. ಹಾಡಿಗೆ ನನ್ನ ಲೆಕ್ಕದಲ್ಲಿ 4 ಅಥವಾ 5 ಬೇಕು, ಎಳೆದು ಹಾಡಿದ ಒಂದೇ ಪದ 2 ಸೆಕೆಂಡ್ ತಿನ್ನುತ್ತದೆ. ಪ್ರಿಫರೆನ್ಸಸ್‌ನ ಎಡ ಮೂಲೆಯಲ್ಲಿ ಕೆಳಗೆ ‘ಆಲ್’ ಆರಿಸಿ, ಇಂಟರ್‌ಫೇಸ್ ಅಡಿಯಲ್ಲಿ ‘ಹಾಟ್‌ಕೀಸ್ ಸೆಟ್ಟಿಂಗ್ಸ್’ಗೆ ಹೋದರೆ ‘ವೆರಿ ಶಾರ್ಟ್ ಜಂಪ್ ಲೆಂತ್’ ಎಂದು 3 ಇರುತ್ತದೆ, ಬದಲಾಯಿಸಿ. ಸೋಬಾನೆಗೆ ಇನ್ನೊಂದು ಮಾತು: ಮುಂದೆ ಹಾಡುವವರು ಹೇಳಿದ ಸಾಲನ್ನು ಉಳಿದ ಹೆಂಗಸರು ತಿರುಗಿ ಹೇಳುತ್ತಾರೆ. ಪದ ಕೇಳಿಸಲಿಲ್ಲ ಎಂದು ಕೂಡಲೇ ಎಫ್7 ಒತ್ತಬೇಡಿ. ಎರಡನೆಯ ಸಲ ಅವರೇ ಹೇಳಿಕೊಡುತ್ತಾರೆ, ಅದನ್ನೂ ಕೇಳಿ ಎಫ್8 ಒತ್ತಿ, ಬರೆಯಿರಿ. ಹಾಗೆ ಮಾಡಿದರೆ ಹಿಂದಕ್ಕೆ ಹೋಗುವ ಕೆಲಸವೇ ಅರ್ಧ ಕಡಿಮೆ.

ಎಫ್9 ಪ್ರತಿ ಒತ್ತಿಗೆ ವೇಗವನ್ನು 0.1 ಇಳಿಸುತ್ತದೆ. ಎರಡು ಸಲ ಒತ್ತಿ 0.8ಕ್ಕೆ ತನ್ನಿ. ಶ್ರುತಿ ಇಳಿಯುವುದಿಲ್ಲ, ಇಳಿದರೆ ಆಡಿಯೋ ಪುಟದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಟಿಕ್ ತಪ್ಪಿದೆ ಎಂದರ್ಥ. 0.6ಕ್ಕಿಂತ ಕೆಳಗೆ ಹೋಗಬೇಡಿ, ತಂಬೂರಿ, ಗಗ್ಗರದ ಸದ್ದು ಮಾತಿನ ಮೇಲೆ ಕಲಸಿಕೊಳ್ಳುತ್ತದೆ. ನಿಮ್ಮ ಕಡೆಯ ಮಾತಿನಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’ ಆಗುವುದುಂಟು. ಹಕಾರ ಇದೆಯೋ ಇಲ್ಲವೋ ಎನ್ನುವುದನ್ನು ಮಾತ್ರ ಶಿಫ್ಟ್ + ಎಫ್9 ಒತ್ತಿ ಮಾಮೂಲಿ ವೇಗದಲ್ಲೇ ತೀರ್ಮಾನಿಸಿ. ವೇಗ ಇಳಿಸಲು ಪ್ಲೇಯರ್ ಸದ್ದಿನ ಕೆಲವು ಚೂರುಗಳನ್ನು ಮತ್ತೆ ಅಂಟಿಸುತ್ತದೆ, ಪದದ ಮೊದಲ ಉಸಿರು ಅದರಲ್ಲಿ ಮಸುಕಾಗುತ್ತದೆ. ಹಾಡಿದವರು ‘ಆಲು’ ಎಂದಿದ್ದರೆ ‘ಆಲು’ ಎಂದೇ ಬರೆಯಿರಿ. ದಯವಿಟ್ಟು ತಿದ್ದಬೇಡಿ.

ಎಫ್7 ಒತ್ತಿದಾಗ ಒಮ್ಮೆ 3 ಸೆಕೆಂಡ್, ಒಮ್ಮೆ 8 ಸೆಕೆಂಡ್ ಹಿಂದಕ್ಕೆ ಹಾರಿದರೆ ತಪ್ಪು ಕೀಯದಲ್ಲ, ಫೈಲಿನದು. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎನ್ನುವುದು) ಏರಿಳಿಯುವ ಎಂಪಿ3ಗಳಲ್ಲಿ ಎಷ್ಟನೆಯ ಬೈಟ್‌ಗೆ ಎಷ್ಟನೆಯ ಸೆಕೆಂಡ್ ಎಂದು ಪ್ಲೇಯರ್ ಅಂದಾಜು ಮಾಡಬೇಕಾಗುತ್ತದೆ. ಹಳೆಯ ಫೋನುಗಳ ಎಎಂಆರ್ ಫೈಲುಗಳದೂ ಇದೇ ಕಾಟ. ಮೀಡಿಯಾ ಮೆನುವಿನ ‘ಕನ್ವರ್ಟ್/ಸೇವ್’ನಲ್ಲಿ ವೇವ್ ಫೈಲಾಗಿ ಮಾಡಿಕೊಂಡು ಅದರಿಂದ ಕೆಲಸ ಮಾಡಿ. 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಮೋನೋ ಆದರೆ ಅದರ ಅರ್ಧ. ಮೋನೋ ಸಾಕು. ಮೂಲ ಫೈಲನ್ನು ಅಳಿಸಬೇಡಿ.

ದಿನಕ್ಕೆ ನಾಲ್ಕೈದು ಗಂಟೆ ಇದೇ ಕೆಲಸವಾದರೆ ಯುಎಸ್‌ಬಿ ಕಾಲು ಪೆಡಲ್ ತರಿಸಿ. ಕೀ ಬದಲಾಯಿಸಲು ಬರುವಂಥ ಪೆಡಲನ್ನು ಕಂಪ್ಯೂಟರ್ ಇನ್ನೊಂದು ಕೀಬೋರ್ಡ್ ಎಂದೇ ತಿಳಿಯುತ್ತದೆ. ಅದಕ್ಕೆ ಎಫ್8 ಕೊಟ್ಟರೆ ಮೇಲಿನದೆಲ್ಲ ಹಾಗೇ ನಡೆಯುತ್ತದೆ.

ಸಂಜೆ ನಿಲ್ಲಿಸುವಾಗ ವರ್ಡ್‌ನಲ್ಲಿ ಕೊನೆಯ ಸಾಲಿನ ಕೆಳಗೆ ವಿಎಲ್‌ಸಿ ತೋರಿಸುತ್ತಿರುವ ನಿಮಿಷ, ಸೆಕೆಂಡ್ ಬರೆದಿಡಿ. ಮರುದಿನ ವಿಎಲ್‌ಸಿಯಲ್ಲಿ, ನುಡಿಯನ್ನು ಇಂಗ್ಲಿಷಿಗೆ ತಿರುಗಿಸಿ, ಕಂಟ್ರೋಲ್ + ಟಿ ಒತ್ತಿ ಆ ಸಮಯ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ಹತ್ತು ಸೆಕೆಂಡ್ ಕಡಿಮೆ ಮಾಡಿ ಕೊಡಿ, ರಾಗ ಕಿವಿಗೆ ಹತ್ತುವುದಕ್ಕೆ ಅಷ್ಟು ಬೇಕು.